ಪ್ರೆಸ್ಸಿನ ಕಣ್ಣಿಗೆ ಕುಂಕುಮ

ನನಗೆ ಸಿಟ್ಟೇ ಬರುವುದಿಲ್ಲವೆಂದು ಹೇಳುವ ಬಂಧುಗಳು ಕೆಲವರಿದ್ದಾರೆ. ಅವರು ನನ್ನನ್ನು ಮದುವೆಮನೆಗಳಲ್ಲಿ ಮಾತ್ರ ನೋಡಿದವರು. ಯಶವಂತಪುರದ ಆ ಶೆಡ್ಡು ನೆನಪಾದರೆ ಕೈಯಲ್ಲಿರುವ ಕಾಫಿಯನ್ನು ಕುಡಿಯುವ ಬದಲು ಯಾರಿಗಾದರೂ ಎರಚೋಣವೆಂದು ಈಗಲೂ ಅನ್ನಿಸುತ್ತದೆ.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ರೈಲು ಹಳಿಯ ಆಚೆ ಕಲ್ನಾರು ಶೀಟು ಹೊದ್ದು ಕೂತಿದ್ದ ಒಂದು ಶೆಡ್ಡಿನಲ್ಲಿ, ನೀರಿನ ಪೈಪುಗಳನ್ನು ಗೋಡೆಗೆ ಹಿಡಿದಿಡುವ ತಗಡಿನ ಕ್ಲಾಂಪುಗಳನ್ನು ಒತ್ತುತ್ತಿದ್ದರು. ನಾನು ಅಲ್ಲಿನ ಎಲೆಕ್ಟ್ರಿಷಿಯನ್. ಅಂದರೆ, ಕರೆಂಟು ಹೋದಾಗ ಬೈಸಿಕೊಳ್ಳಲೆಂದು ಸಂಬಳ ಕೊಟ್ಟು ಇಟ್ಟುಕೊಂಡ ಮನುಷ್ಯ. ಸಂಜಯನಗರದಿಂದ ಸೈಕಲ್ ತುಳಿದು ಹೋಗುತ್ತಿದ್ದೆ.

ಶೆಡ್ಡಿನ ನಟ್ಟನಡುವೆ, ಗರ್ಭಗುಡಿಯಲ್ಲಿ ಎಂಬಂತೆ, ಪವರ್ ಪ್ರೆಸ್ಸು ವಿರಾಜಮಾನವಾಗಿತ್ತು. ತಗಡನ್ನು ಅಚ್ಚಿನ ಮೇಲಿಟ್ಟು ಕಾಲಿನಿಂದ ಪೆಡಲ್ ಒತ್ತಿದರೆ ಮೇಲಿನ ಕಬ್ಬಿಣದ ದಿಮ್ಮಿ ಧಡಾರನೆ ಇಳಿದು, ತಗಡಿಗೆ ರೂಪ ಕೊಟ್ಟು ಮೇಲೇಳುತ್ತಿತ್ತು. ತಗಡು ಬೇರೆ, ಬೆರಳು ಬೇರೆ ಎಂಬ ಭೇದ ಅದಕ್ಕಿರಲಿಲ್ಲ, ಶುದ್ಧ ಅದ್ವೈತಿ. ನಾನು ಸೇರುವ ಮೊದಲೇ ಒಬ್ಬನ ಬೆರಳುಗಳು ಹೋಗಿದ್ದವು. ಯಜಮಾನರು ಆಳವಾಗಿ ವಿಚಾರ ಮಾಡಿ, ಪ್ರೆಸ್ಸಿಗೆ ದೃಷ್ಟಿಯಾಗಿದೆ ಎಂದು ತೀರ್ಮಾನಿಸಿ, ಅದರ ಕೊರಳಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿಸಿದ್ದರು. ನಿಂಬೆಹಣ್ಣಿನಿಂದ ಪೆಡಲಿಗೆ ಯಾವ ವೈರೂ ಹೋಗಿಲ್ಲವೆಂಬುದನ್ನು ನಾನು ಖುದ್ದಾಗಿ ಪರೀಕ್ಷಿಸಿ ಖಚಿತಪಡಿಸಿಕೊಂಡೆ.

ಆಮೇಲೆ ನಾನೇ ಒಂದು ಉಪಾಯ ಮಾಡಿದೆ. ಎಸ್.ಪಿ. ರಸ್ತೆಯಿಂದ ಒಂದು ರಿಲೇಯನ್ನೂ, ಬೆಳಕು ಬಿದ್ದರೆ ಎಚ್ಚರಗೊಳ್ಳುವ ಒಂದು ಪುಟ್ಟ ಸೆಲ್ಲನ್ನೂ ತಂದೆ. ಪ್ರೆಸ್ಸಿನ ಬಾಯಿಯ ಎಡಗಡೆ ಸ್ಕೂಟರಿನ ಬಲ್ಬು, ಬಲಗಡೆ ಗಾಜಿನ ಹಿಂದೆ ಆ ಸೆಲ್ಲು. ಬಲ್ಬಿನ ಬೆಳಕು ಸೆಲ್ಲಿಗೆ ತಲುಪುತ್ತಿರುವಷ್ಟು ಹೊತ್ತು ರಿಲೇ ಪೆಡಲಿಗೆ ಕರೆಂಟು ಬಿಡುತ್ತದೆ. ನಡುವೆ ಕೈ ಬಂದು ಬೆಳಕು ಕಡಿಯಿತೋ, ರಿಲೇ ‘ಟಕ್’ ಎಂದು ಕರೆಂಟು ನಿಲ್ಲಿಸುತ್ತದೆ. ಆಮೇಲೆ ಪೆಡಲಿನ ಮೇಲೆ ನಿಂತು ಕುಣಿದರೂ ಪ್ರೆಸ್ಸು ಇಳಿಯುವುದಿಲ್ಲ. ಇಷ್ಟೇ. ಇಡೀ ವಿದ್ಯೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯೊಳಗೆ ಹಿಡಿಸಿತು. ಶೆಡ್ಡಿನವರು ಅದಕ್ಕೆ ‘ಕಣ್ಣು’ ಎಂದು ಹೆಸರಿಟ್ಟರು.

ಪ್ರೆಸ್ಸಿನ ಮುಂದೆ ಕೂರುತ್ತಿದ್ದವನು ಬಾಗಲಕೋಟೆ ಕಡೆಯವನು. ಹೆಂಡತಿ, ಮಗಳ ಜೊತೆ ಆರ್.ಟಿ. ನಗರದ ಒಂದು ವಠಾರದಲ್ಲಿದ್ದ. ಮೊದಲ ದಿನ ಡಬ್ಬಿಯನ್ನು ಸುತ್ತ ತಿರುಗಿ ನೋಡಿ, “ಇದು ಹೊಟ್ಟಿಗಿ ಬಿಸ್ಕೀಟು ಕೊಡತಿತ್ರಿ, ಈಗ ಕೈ ಕಾಯತೈತಿ ಅಂತೀರಿ” ಎಂದ. ನಾನು ನನ್ನ ಕೈಯನ್ನೇ ಅಚ್ಚಿನ ಮೇಲಿಟ್ಟು, “ಒತ್ತಪ್ಪ ಪೆಡಲ್” ಎಂದೆ.

“ಒಲ್ಲೆರಿ ಸಾಹೇಬ್ರ. ನಿಮ್ಮ ಮನಿಯವ್ರಿಗೆ ಏನ್ ಹೇಳ್ಲಿ?”

“ಎಡಗೈಲೂ ಊಟ ಮಾಡ್ತಾರೆ ಅಂತ ಹೇಳು. ಒತ್ತು.”

ಅವನು ಕಣ್ಣು ಮುಚ್ಚಿಕೊಂಡು ಒತ್ತಿದ. ಟಕ್ ಎಂದದ್ದು ಆಗಲೇ ಆಗಿತ್ತು, ದಿಮ್ಮಿ ಅಲುಗಲಿಲ್ಲ. ಅಂದಿನಿಂದ ಅವನು ನನ್ನ ಡಬ್ಬಿಯನ್ನು ನಂಬಿದ. ಅಚ್ಚಿನಲ್ಲಿ ತಗಡು ಕಚ್ಚಿಕೊಂಡರೆ ಚಿಮಟ ಹುಡುಕದೆ ಬೆರಳಿನಿಂದಲೇ ಎಬ್ಬಿಸುವಷ್ಟು ನಂಬಿದ. ಪೆಡಲಿನಿಂದ ಕಾಲು ತೆಗೆ ಮಾರಾಯ ಎಂದು ನಾನು ಬೈದರೆ, “ಕಣ್ಣು ಐತಲ್ರಿ” ಎನ್ನುತ್ತಿದ್ದ.

ಆ ವರ್ಷದ ಆಯುಧಪೂಜೆ ಬಂತು. ಶೆಡ್ಡನ್ನು ತೊಳೆದು, ಬಾಳೆಕಂದು ಕಟ್ಟಿ, ಯಂತ್ರಗಳಿಗೆಲ್ಲ ಗಂಧ, ಕುಂಕುಮ ಹಚ್ಚುವ ಹೊಣೆ ಸೂಪರ್‌ವೈಸರನದು. ಆತ ದೈವಭಕ್ತ. ಎಷ್ಟು ಭಕ್ತನೆಂದರೆ, ಮೆಷಿನ್ನಿಗೆ ಎಣ್ಣೆ ಹಾಕುವುದನ್ನು ಮರೆತಾನು, ಊದುಬತ್ತಿ ಮರೆಯಲಾರ. ನಾನು ಪೂಜೆ ಮುಗಿಯುವ ಮೊದಲೇ ಪುರಿ, ಸಿಹಿ ಕಟ್ಟಿಸಿಕೊಂಡು ಹೊರಟೆ. ವಿಜಯದಶಮಿಯ ದಿನ ಶೆಡ್ಡಿಗೆ ರಜೆ. ಅದರ ಮಾರನೆಯ ದಿನ ಮನೆಯ ಕೆಲಸವೊಂದಿದ್ದು ನಾನು ತಡವಾಗಿ ಹೋದೆ.

ಹೋದಾಗ ಪ್ರೆಸ್ಸು ಧಡಾರ್ ಧಡಾರ್ ಎಂದು ನಡೆಯುತ್ತಿತ್ತು. ಸೈಕಲ್ ನಿಲ್ಲಿಸಿ ಒಳಗೆ ಕಾಲಿಟ್ಟವನಿಗೆ ಏನೋ ಕಡಿಮೆಯಾಗಿದೆ ಅನ್ನಿಸಿತು. ಪ್ರತಿ ಸಲ ಅವನ ಕೈ ಒಳಗೆ ಹೋಗಿ ಹೊರಗೆ ಬಂದಾಗ ಕೇಳಿಸಬೇಕಾದ ಟಕ್, ಟಕ್ ಇಲ್ಲ. ಹತ್ತಿರ ಹೋದೆ. ಬಲಗಡೆಯ ಗಾಜಿನ ಮೇಲೆ ಗಂಧ. ಗಂಧದ ಮೇಲೆ ನಾಲ್ಕಾಣೆಯಗಲ ಕುಂಕುಮ. ಕಣ್ಣು ಸಂಪೂರ್ಣ ಮುಚ್ಚಿಹೋಗಿತ್ತು.

ಕಣ್ಣು ಮುಚ್ಚಿದರೆ ನಿಯಮದ ಪ್ರಕಾರ ಪ್ರೆಸ್ಸು ನಿಲ್ಲಬೇಕು. ನಿಂತಿಲ್ಲ. ನಾನು ಮೇನ್ ಸ್ವಿಚ್ಚು ಎಳೆದೆ. ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ, ರಿಲೇಯ ಎರಡು ತುದಿಗಳ ನಡುವೆ ಒಂದು ತುಂಡು ವೈರು, ಬಹಳ ಅಚ್ಚುಕಟ್ಟಾಗಿ, ಬಿಗಿದಿತ್ತು. ಕರೆಂಟು ಈಗ ರಿಲೇಯ ಅಪ್ಪಣೆ ಕೇಳದೆ ನೇರವಾಗಿ ಪೆಡಲಿಗೆ ಹೋಗುತ್ತಿತ್ತು. ಬಾಗಿಲು ಕಾಯುವವನನ್ನು ಕುರ್ಚಿಗೆ ಕಟ್ಟಿಹಾಕಿ ಬಾಗಿಲನ್ನು ಹಾರುಹೊಡೆದಂತೆ.

“ಯಾಕ್ ಸ್ವಾಮಿ ಪ್ರೆಸ್ ನಿಲ್ಸಿದ್ರಿ?” ಎಂದು ಸೂಪರ್‌ವೈಸರ್ ಬಂದ. ಹಣೆಯ ಮೇಲೂ ಅಷ್ಟೇ ಅಗಲದ ಬೊಟ್ಟು.

“ಈ ವೈರು ಯಾರ್ ಹಾಕಿದ್ದು?”

“ನಾನೇ. ಬೆಳಿಗ್ಗೆ ಪ್ರೆಸ್ಸು ಏನ್ ಮಾಡಿದ್ರೂ ಇಳೀಲಿಲ್ಲ. ಅರ್ಜೆಂಟ್ ಆರ್ಡರ್ ಇತ್ತು. ನೀವ್ ನೋಡಿದ್ರೆ ಪತ್ತೆ ಇಲ್ಲ. ಇವ್ನು ಟೀಗೆ ಹೋದಾಗ ನಾನೇ ಸರಿ ಮಾಡ್ದೆ.”

“ಇಳೀಲಿಲ್ಲ ಯಾಕೆ ಅಂದ್ರೆ ಕಣ್ಣಿಗೆ ಕುಂಕುಮ ಮೆತ್ತಿದೆ. ಅದನ್ನ ಒರೆಸಿದ್ರೆ ಮುಗೀತಿತ್ತಲ್ರೀ.”

ಆತ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಗೋಹತ್ಯೆಯ ಸಲಹೆ ಕೊಟ್ಟವನನ್ನು ನೋಡುವ ಹಾಗೆ.

“ಆಯುಧಪೂಜೆ ಕುಂಕುಮ ಯಾರಾದ್ರೂ ಒರೆಸ್ತಾರೇನ್ರೀ? ಅದಾಗದೇ ಉದುರ್ಬೇಕು. ನಮ್ ಕಡೆ ಲಾರಿಗೆ ಹಚ್ಚಿದ್ದು ಮಳೆಗೇ ಹೋಗ್ಬೇಕು, ಗೊತ್ತಾ? ಗೊತ್ತಿದ್ದೇ ವೈರ್ ಹಾಕ್ದೆ.”

ಗೊತ್ತಿದ್ದೇ. ನನ್ನನ್ನು ಸುಟ್ಟದ್ದು ಈ ಮಾತು. ತಿಳಿಯದೆ ಮಾಡಿದ್ದರೆ ದಡ್ಡ ಎಂದು ಬೈದು ಸುಮ್ಮನಾಗಬಹುದಿತ್ತು. ಆತ ಕೂತು ಯೋಚಿಸಿದ್ದ. ತಕ್ಕಡಿಯ ಒಂದು ತಟ್ಟೆಯಲ್ಲಿ ಚಿಟಿಕೆ ಕುಂಕುಮ, ಇನ್ನೊಂದರಲ್ಲಿ ಒಬ್ಬನ ಬಲಗೈ ಇಟ್ಟು ತೂಗಿ, ಕುಂಕುಮವೇ ಭಾರ ಎಂದು ತೀರ್ಮಾನಿಸಿದ್ದ. ಆಮೇಲೆ ಅವನಿಗೆ ಹೇಳದೆ, ಅವನ ಬೆನ್ನ ಹಿಂದೆ ವೈರು ಬಿಗಿದಿದ್ದ.

ಗಲಾಟೆ ಕೇಳಿ ಯಜಮಾನರು ತಮ್ಮ ಗಾಜಿನ ಕೋಣೆಯಿಂದ ಇಳಿದು ಬಂದರು. ಎರಡೂ ಕಡೆಯ ವಾದ ಆಲಿಸಿದರು. ಗಲ್ಲ ಸವರಿಕೊಂಡರು. ಧರ್ಮಾಸನದಲ್ಲಿ ಕೂತವರ ಗಾಂಭೀರ್ಯದಿಂದ ತೀರ್ಪು ಕೊಟ್ಟರು.

“ನೋಡ್ರಪ್ಪಾ, ಇಬ್ರು ಹೇಳೋದ್ರಲ್ಲೂ ಅರ್ಥ ಇದೆ. ಒಂದ್ ಕೆಲ್ಸ ಮಾಡಿ. ವೈರು ಸದ್ಯಕ್ಕೆ ಇರ್ಲಿ. ಕುಂಕುಮ ಉದುರಿದ್ಮೇಲೆ ತೆಗೆದ್ರಾಯ್ತು. ಅಲ್ಲೀವರ್ಗೂ ಇವ್ನು ಸ್ವಲ್ಪ ಹುಷಾರಾಗಿ ಕೆಲ್ಸ ಮಾಡ್ಲಿ.”

“ಹುಷಾರಾಗಿದ್ರೇ ಸಾಕಾಗೋದಾದ್ರೆ ಹಿಂದಿನವನ ಬೆರಳು ಯಾಕ್ ಸಾರ್ ಹೋಯ್ತು?” ಎಂದೆ. ನನ್ನ ಧ್ವನಿ ಶೀಟಿಗೆ ಬಡಿದು ವಾಪಸು ಬಂತು.

“ಅದು ಅವನ ಗ್ರಹಚಾರ ಕಣ್ರೀ.”

ಇಷ್ಟು ಹೊತ್ತು ಪ್ರೆಸ್ಸಿನವನು ಸ್ಟೂಲಿನ ಮೇಲೆ ಅಲುಗಾಡದೆ ಕೂತಿದ್ದ. ಈಗ ಎದ್ದು ನನ್ನ ಹತ್ತಿರ ಬಂದ.

“ಸಾಹೇಬ್ರ, ಮುಂಜಾನಿಂದ ಕಣ್ಣು ಕುರುಡ ಇತ್ತೇನ್ರಿ?”

“ಹೌದಪ್ಪ.”

“ನಾ ಎಷ್ಟೋ ಸಲ ಕೈ ಹಾಕಿ ತಗಡು ಎಬ್ಬಿಸೀನ್ರಿ. ಕಾಲು ಪೆಡಲ್ ಮ್ಯಾಲೇ ಇತ್ರಿ.”

ಅವನು ತನ್ನ ಬಲಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡ. ಆಮೇಲೆ ಸೂಪರ್‌ವೈಸರನ ಕಡೆ ತಿರುಗಿದ. ದನಿ ಏರಲಿಲ್ಲ.

“ಬೆರಳು ಹೋಗಿದ್ರ ರಕ್ತ ಬೀಳತಿತ್ತಲ್ರಿ ಇಲ್ಲೆ. ಅದೂ ಕೆಂಪಗ ಇರತೈತಿ. ಅದನ್ನೂ ಒರಸಬಾರದೇನ್ರಿ? ತಾನs ಉದುರಲಿ ಅಂತ ಬಿಡತಿದ್ರೇನ್ರಿ?”

“ಹಬ್ಬದ ಹೊತ್ತಲ್ಲಿ ಅಪಶಕುನ ಮಾತಾಡ್ಬೇಡಯ್ಯ” ಎಂದ ಸೂಪರ್‌ವೈಸರ್. ಆದರೆ ಒಂದು ಹೆಜ್ಜೆ ಹಿಂದೆ ಹೋದ.

ಪ್ರೆಸ್ಸಿನವನು ಅಚ್ಚು ಒರೆಸುವ ಎಣ್ಣೆಬಟ್ಟೆ ತೆಗೆದುಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ, ಗಾಜನ್ನು ಒರೆಸಿದ. ಗಂಧ ಗಟ್ಟಿಯಾಗಿತ್ತು, ಉಗುರಿನಿಂದ ಕೆರೆದ. ಸೂಪರ್‌ವೈಸರ್ “ಶಿವ ಶಿವಾ” ಎಂದು ಮುಖ ಆ ಕಡೆ ಮಾಡಿದ. ನಾನು ವೈರು ಕಿತ್ತು, ಮೇನ್ ಸ್ವಿಚ್ಚು ಹಾಕಿದೆ. ಟಕ್. ಯಜಮಾನರು ಗಡಿಯಾರ ನೋಡಿಕೊಂಡು, “ಸರಿ, ಇನ್ನ್ ಶುರು ಮಾಡಿ” ಎಂದು ಮೇಲೆ ಹತ್ತಿಹೋದರು. ಒಂದು ಕ್ಷಮೆ, ಒಂದು ಬೈಗುಳ, ಏನೂ ಇಲ್ಲ. ವ್ಯಾಜ್ಯ ಇತ್ಯರ್ಥವಾಯಿತು. ಸೂಪರ್‌ವೈಸರ್ ಹೊಸದಾಗಿ ಕುಂಕುಮ ತಂದು ಪ್ರೆಸ್ಸಿನ ಕಾಲಿಗೆ ಹಚ್ಚಿ, ಅಪಚಾರಕ್ಕೆ ಪರಿಹಾರ ಮಾಡಿದ. ಕೈ ಉಳಿದವನಿಗೆ ಒಂದು ಮಾತೂ ಹೇಳಲಿಲ್ಲ.

ಆದರೆ ಪ್ರೆಸ್ಸಿನವನು ಕೂರಲಿಲ್ಲ. ಮೂಲೆಯಲ್ಲಿದ್ದ ಬಾಳೆಕಂದು ಕಟ್ಟಿದ ಕೋಲನ್ನು ಮುರಿದು ತಂದು, ಅಚ್ಚಿನ ಮೇಲೆ ಅಡ್ಡ ಹಿಡಿದು, ಪೆಡಲ್ ಒತ್ತಿದ. ದಿಮ್ಮಿ ಇಳಿಯಲಿಲ್ಲ. ಕೋಲು ತೆಗೆದು ಒತ್ತಿದ. ಇಳಿಯಿತು. ಮತ್ತೊಮ್ಮೆ ಕೋಲು ಹಿಡಿದ. ಆಮೇಲೆ ಕೂತ.

ನನ್ನ ಮುಖ ನೋಡಿ, “ನಿಮ್ಮ ಮ್ಯಾಲೆ ಸಂಶೆ ಇಲ್ರಿ” ಎಂದ. “ನೀವು ಇರಲಾರದಾಗ ಡಬ್ಬಿ ಯಾರು ತಗೀತಾರ, ಏನ್ ಮಾಡ್ತಾರ, ನಂಗೇನ್ ಗೊತ್ರಿ.”

ಅದು ಸರಿಯಾದ ಕ್ರಮ. ಪುಸ್ತಕದಲ್ಲಿ ಬರೆದಿರುವ ಕ್ರಮವೂ ಅದೇ: ಕಾಯುವ ಯಂತ್ರವನ್ನು ದಿನಾ ಪರೀಕ್ಷಿಸಿಯೇ ನಂಬಬೇಕು. ಬುದ್ಧಿಗೆ ಇದೆಲ್ಲ ಗೊತ್ತಿತ್ತು. ಆದರೂ ನನ್ನ ಕೈಯನ್ನೇ ಒಳಗಿಟ್ಟು ಸಂಪಾದಿಸಿದ ನಂಬಿಕೆಯನ್ನು ಒಂದು ಗೇಣು ವೈರಿನಿಂದ ಆ ಸೂಪರ್‌ವೈಸರ್ ಹಾಳು ಮಾಡಿದನಲ್ಲ ಎಂಬ ಸಿಟ್ಟು ಇಳಿಯಲಿಲ್ಲ. ಇಂದಿಗೂ ಇಳಿದಿಲ್ಲ, ಇಳಿಸುವ ಉದ್ದೇಶವೂ ನನಗಿಲ್ಲ.

ಸಂಜೆ ಅಂಗಡಿಗೆ ಹೋಗಿ ಒಂದು ಬೀಗ ತಂದು ಡಬ್ಬಿಗೆ ಜಡಿದೆ. ಕೀಲಿ ಯಾರ ಹತ್ತಿರ ಇರಬೇಕು ಎಂದು ಸೂಪರ್‌ವೈಸರ್ ಕೇಳಿದ. ನಾನು ಅವನೆದುರಿಗೇ ಅದನ್ನು ಪ್ರೆಸ್ಸಿನವನಿಗೆ ಕೊಟ್ಟೆ. ಅವನು ಅದನ್ನು ಉಡಿದಾರಕ್ಕೆ ಗಂಟು ಹಾಕಿಕೊಂಡ. ಮಾರನೆಯ ಬೆಳಿಗ್ಗೆ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಅವನು ಬೀಗವನ್ನು ಜಗ್ಗಿ ನೋಡಿದ, ಗಾಜು ಒರೆಸಿದ, ಆಮೇಲೆ ಕೋಲು ತೆಗೆದುಕೊಂಡ.