ಶ್ಯಾಮು ಉಳಿದುಕೊಂಡ ಮನೆ

ನಾನು ಸುಳ್ಳು ಹೇಳುವವಳಲ್ಲ ಎಂದು ಶುರುಮಾಡಲಾರೆ. ಇದೆಲ್ಲ ನಡೆದದ್ದೇ ನಾನು ಹೇಳಿದ ಒಂದು ಸುಳ್ಳಿನಿಂದ. ಆದರೆ ಇಲ್ಲಿ ಬರೆಯುತ್ತಿರುವುದರಲ್ಲಿ ಒಂದಕ್ಷರವೂ ಕಟ್ಟಿದ್ದಲ್ಲ. ಅಣ್ಣ ಬರೆದ ಆ ಕಾಗದ ಇವತ್ತಿಗೂ ನನ್ನ ಪೆಟ್ಟಿಗೆಯ ತಳದಲ್ಲಿದೆ.

ಬಸವನಗುಡಿಯ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಜಾಗವೇ ಹೆಚ್ಚು. ನಮ್ಮದು ಸಾಲಿನ ಕೊನೆಯ ಮನೆ. ನನ್ನ ಕೋಣೆಯ ಗೋಡೆಯಾಚೆ ಲಂಟಾನ ಪೊದೆ ಬಿಟ್ಟರೆ ಏನೂ ಇಲ್ಲ. ಅಪ್ಪ ತೀರಿಕೊಂಡಿದ್ದಾರೆ. ಬಿ.ಎ. ಮುಗಿಸಿದ ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಅಣ್ಣ ಶ್ಯಾಮು ಎಂಜಿನಿಯರಿಂಗ್ ಓದಲು ವಿಲಾಯಿತಿಗೆ ಹೋಗಿದ್ದ. ಪರೀಕ್ಷೆ ಮುಗಿದದ್ದೇ ತಡ, ಒಬ್ಬನೇ ಸೈಕಲ್ ಹತ್ತಿ ಸ್ಕಾಟ್ಲೆಂಡಿನ ಹಳ್ಳಿಗಾಡು ಸುತ್ತಲು ಹೊರಟ.

"ಹಡಗು ಹತ್ತಿ ಹೋಗಿದ್ದು ಸೈಕಲ್ ತುಳಿಯೋಕಾ? ಲಾಲ್‌ಬಾಗ್ ಸುತ್ತ ತುಳಿದಿದ್ರೆ ಆಗ್ತಿರಲಿಲ್ವಾ?" ಎಂದು ಅಮ್ಮ ಗೊಣಗಿದಳು.

ಆದರೂ ಅವನ ಕಾಗದ ಬಂದರೆ ಅವಳಿಗೆ ಹಬ್ಬ. ಅಮ್ಮನಿಗೆ ಓದು ಬಾರದು. ದೀಪ ಹಚ್ಚಿದ ಮೇಲೆ ನಾನು ಓದಬೇಕು. ಒಂದೊಂದು ಸಾಲಿಗೂ "ಆಮೇಲೆ?" ಎನ್ನುವಳು. ಮುಗಿದೊಡನೆ ಕಾಗದದ ಮೇಲೆ ನಾಲ್ಕು ಕಾಳು ಅಕ್ಷತೆ ಹಾಕಿ, ಮಗ ಹೊಸಿಲಲ್ಲೇ ನಿಂತಿರುವಂತೆ "ಹೋಗಿ ಬಾಪ್ಪ" ಎನ್ನುವಳು. ಹಾಗೆನ್ನದೆ ನಮ್ಮಲ್ಲಿ ಯಾರನ್ನೂ ದಾರಿಗೆ ಬಿಡುವುದಿಲ್ಲ. ಹೊಸ ಕಾಗದ ಬರುವತನಕ ಹಳೆಯದನ್ನೇ ದಿನವೂ ಓದಿಸುವಳು.

ಜುಲೈನಲ್ಲಿ ಕಾಗದ ನಿಂತಿತು. ಒಂದು ವಾರ... ಎರಡು ವಾರ... ಅಮ್ಮ ಊಟ ಬಿಟ್ಟಳು. ಡಾಕ್ಟರು ನನ್ನನ್ನು ಪಡಸಾಲೆಗೆ ಕರೆದು, "ಎದೆಗೆ ಬಲ ಸಾಲದಮ್ಮ. ಏನಾದರೂ ಒಳ್ಳೆ ಸುದ್ದಿ ಹೇಳಿ" ಎಂದರು.

ಶ್ಯಾಮುವಿನ ಹೆಸರಲ್ಲಿ ನಾನೇ ಒಂದು ಕಾಗದ ಬರೆದೆ. ಮಳೆಯಲ್ಲಿ ನೆನೆದ ಶ್ಯಾಮು ಕೆರೆಯ ಪಕ್ಕದ ಒಂಟಿ ಕಲ್ಲುಮನೆಗೆ ಬಂದ. ನೀಲಿ ಬಾಗಿಲು. ಒಬ್ಬಂಟಿ ಮುದುಕಿ ಬಿಸಿ ಹಾಲು ಕೊಟ್ಟಳು. ಸುಳ್ಳು ನಿಜವೆನಿಸಲಿ ಎಂದು ಅವಳ ಬಲಗೈಯಿಂದ ಹೆಬ್ಬೆರಳನ್ನು ತೆಗೆದುಬಿಟ್ಟೆ. ಮುಂದಿನ ಊರುಗಳ ಹೆಸರು ನನಗೆ ತಿಳಿಯದು. ಅದಕ್ಕೇ, "ಈಕೆ ನನ್ನನ್ನು ಬಿಡುತ್ತಿಲ್ಲ, ಇಲ್ಲೇ ಇರುತ್ತೇನೆ" ಎಂದು ಮುಗಿಸಿದೆ.

ತಪ್ಪಿದ್ದು ಅಲ್ಲಿ.

ಓದಿ ಮುಗಿಸಿದೊಡನೆ ಅಮ್ಮ ಅಕ್ಷತೆಯ ಬಟ್ಟಲಿಗೆ ಕೈ ಹಾಕಿದವಳು ಹಿಂದೆಗೆದಳು. "ಹೊರಟೇ ಇಲ್ಲವಲ್ಲ, ಹೋಗಿ ಬಾ ಅನ್ನೋದೇನು! ಇರಲಿ ಬಿಡು, ಒಳ್ಳೇ ಹೆಂಗಸು." ಆ ರಾತ್ರಿ ಉಂಡಳು. ಮುಂದೆ ಒಂದು ತಿಂಗಳು, ಪ್ರತಿ ಸಂಜೆ ಅದೇ ಪುಟವನ್ನು ಓದಿದೆ.

ಆಗಸ್ಟಿನ ಒಂದು ಸಂಜೆ ಶ್ಯಾಮುವಿನ ಕಾಗದ ಬಂತು. ಆವತ್ತು ಆಯಾಸವೆಂದು ಅಮ್ಮ ಆಗಲೇ ಮಲಗಿದ್ದಳು. ನನ್ನ ಕೋಣೆಯಲ್ಲಿ ಲಾಟೀನು ಹಚ್ಚಿ ಲಕೋಟೆ ಒಡೆದೆ. ಗುಪ್ಪೆಂದು ಹೊಗೆಯ ವಾಸನೆ ಬಂತು. ನಮ್ಮ ಸೌದೆಯದಲ್ಲ, ಬೆರಣಿಯದೂ ಅಲ್ಲ... ಒದ್ದೆ ಮಣ್ಣನ್ನೇ ಸುಟ್ಟಂತೆ.

"ಪುಟ್ಟೀ, ಇದನ್ನು ಅಮ್ಮನಿಗೆ ಓದಬೇಡ. ಮಳೆಗೆ ಸಿಕ್ಕಿ ಒಂದು ಮನೆಗೆ ಬಂದೆ. ನೀಲಿ ಬಾಗಿಲು. ದಿನಾ ಬೆಳಿಗ್ಗೆ ಸೈಕಲ್ ಹತ್ತಿ ಹೊರಡುತ್ತೇನೆ. ದಾರಿ ಬದಲಿಸಿ ನೋಡಿದೆ, ದಿಕ್ಸೂಚಿ ಹಿಡಿದು ನೋಡಿದೆ. ಸಂಜೆಗೆ ಮತ್ತೆ ಇದೇ ಬಾಗಿಲು. ಮುದುಕಿ ತೆರೆದು ನಗುತ್ತಾಳೆ. ಅವಳ ಬಲಗೈಗೆ ಹೆಬ್ಬೆರಳಿಲ್ಲ. ರಾತ್ರಿ ಗೋಡೆಯೊಳಗೆ ಯಾರೋ ಕನ್ನಡದಲ್ಲಿ ಓದುತ್ತಾರೆ. ನಿನ್ನ ದನಿ, ಪುಟ್ಟೀ. ದಿನಾ ಅದೇ ಪುಟ. ಮುದುಕಿ ಗೋಡೆಗೆ ಕಿವಿಯಿಟ್ಟು ಕೇಳುತ್ತಾಳೆ. ನಿನ್ನೆ ಅವಳೂ ಒಂದು ಮಾತು ಕಲಿತಳು..."

ಕಾಗದ ಅಲ್ಲಿಗೆ ನಿಂತಿತ್ತು.

ಹೊರಗೆ ಜೀರುಂಡೆಗಳು ಒಮ್ಮೆಲೇ ಸುಮ್ಮನಾದವು. ಆಗ ಗೋಡೆಯಾಚೆ... ಟಿಕ್, ಟಿಕ್, ಟಿಕ್... ತುಳಿಯದೆ ಬಿಟ್ಟ ಸೈಕಲ್ ಚಕ್ರ ತಿರುಗುವ ಸದ್ದು. ನಿಂತಿತು. ಆಮೇಲೆ ನನ್ನ ತಲೆಯ ಮಟ್ಟಕ್ಕೇ ಗೋಡೆಯನ್ನು ಬೆರಳುಗಳು ತಟ್ಟಿದವು. ಒಂದು, ಎರಡು, ಮೂರು, ನಾಲ್ಕು. ಐದನೆಯದು ಬರಲಿಲ್ಲ.

"ಆಮೇಲೆ...?"

ಅಮ್ಮನ ದನಿಯಲ್ಲ. ಕನ್ನಡಕ್ಕೆ ಹೊರಳದ ದಪ್ಪ ನಾಲಿಗೆ.

ಲಾಟೀನು ಹಿಡಿದು ಅಮ್ಮನ ಹತ್ತಿರ ಓಡಿದೆ. "ಅಮ್ಮಾ, ಏಳು! ಕಾಗದ ಬಂದಿದೆ."

"ಶ್ಯಾಮೂದಾ? ಓದು, ಓದು."

ಅದೇ ಹಾಳೆಯನ್ನು ಹಿಡಿದು, ಅದರಲ್ಲಿ ಇಲ್ಲದ್ದನ್ನು ಓದಿದೆ. "ಮಳೆ ನಿಂತಿದೆ. ಸೈಕಲ್ ಹೊರಗೆ ತಂದಿದ್ದೇನೆ. ಈಗಲೇ ಹೊರಟೆ..."

ತಟ್ಟುವ ಸದ್ದು ಈಗ ಅಮ್ಮನ ಕೋಣೆಯ ಗೋಡೆಗೆ ಬಂದಿತ್ತು.

"ಯಾರೇ ಅದು, ಈ ಹೊತ್ತಲ್ಲಿ ಗೋಡೆ ತಟ್ಟೋರು?"

ಅಮ್ಮನಿಗೂ ಕೇಳಿಸುತ್ತಿತ್ತು!

"ಯಾರೂ ಇಲ್ಲ. ಶ್ಯಾಮು ಹೊರಟಿದಾನೆ. ಹೋಗಿ ಬಾ ಅಂತ ಹೇಳಮ್ಮ, ಬೇಗ!"

"ಮೈಮೇಲೆ ಬಂದವಳ ಹಾಗೆ ಆಡ್ತೀಯಲ್ಲೇ..." ಎನ್ನುತ್ತಲೇ ಬಟ್ಟಲಿಗಾಗಿ ತಡಕಾಡಿದಳು. ತಟ್ಟುವುದು ಜೋರಾಯಿತು, ಸುಣ್ಣ ಉದುರಿತು. ಅಕ್ಷತೆ ಹಾಳೆಯ ಮೇಲೆ ಬಿತ್ತು. "ಹೋಗಿ ಬಾಪ್ಪ, ಶ್ಯಾಮು."

ಸೈಕಲ್ ಬೆಲ್ ಒಂದೇ ಸಲ ಕೇಳಿಸಿತು. ಟಿಕ್ ಟಿಕ್ ಸದ್ದು ದೂರ ದೂರ ಸಾಗಿತು... ದಾರಿಯೇ ಇಲ್ಲದ ಲಂಟಾನದ ನಡುವೆ.

ಎರಡು ದಿನಕ್ಕೆ ತಂತಿ ಬಂತು: ಶ್ಯಾಮು ಕ್ಷೇಮ, ಹಡಗು ಹತ್ತುತ್ತಿದ್ದಾನೆ. ಬಂದಾಗ ಬಹಳ ಇಳಿದುಹೋಗಿದ್ದ. ಕಾಗದ ತೋರಿಸಿದೆ. "ಜ್ವರದಲ್ಲಿ ಏನೋ ಗೀಚಿರಬೇಕು" ಎಂದ, ಕೈಯಲ್ಲಿ ಮುಟ್ಟಲಿಲ್ಲ. ಇವತ್ತಿಗೂ ಅವನು ಹಾಸಿಗೆಯನ್ನು ಗೋಡೆಯಿಂದ ದೂರ ಎಳೆದುಕೊಂಡೇ ಮಲಗುತ್ತಾನೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಹೋದ ಶುಕ್ರವಾರ ಸಂಜೆ ಅಮ್ಮ ದೀಪ ಹಚ್ಚಿ, ಬತ್ತಿ ಸರಿಮಾಡುತ್ತಾ ತನ್ನಷ್ಟಕ್ಕೆ ಹೇಳಿದಳು: "ಆ ಮುದುಕಿಗೆ ಯಾರೂ ಇಲ್ಲ ಅಂತ ಕಾಣುತ್ತೆ. ನಮ್ಮ ಹುಡುಗನ್ನ ಅಷ್ಟು ದಿನ ನೋಡಿಕೊಂಡಳು. ಒಂದ್ಸಲ ನಮ್ಮನೆಗೂ ಬರಲಿ, ಪಾಪ."

ನಾನು ಅಮ್ಮನ ಬಾಯಿ ಮುಚ್ಚುವಷ್ಟರಲ್ಲಿ ಮಾತು ಆಗಿಹೋಗಿತ್ತು.

ಇವತ್ತು ಬೆಳಿಗ್ಗೆ ಬಾಗಿಲು ತೆಗೆದರೆ ಒದ್ದೆ ಮಣ್ಣು ಸುಟ್ಟ ವಾಸನೆ. ಅಮ್ಮ ನಿನ್ನೆ ಹಾಕಿದ್ದ ರಂಗೋಲಿಯ ನಡುವೆ ಒಂದು ಅಂಗೈ ಒತ್ತಿದ ಗುರುತು ಇತ್ತು. ಬೆರಳು ನಾಲ್ಕೇ. ತುದಿಗಳು ಹೊಸಿಲ ಕಡೆಗೆ.