ಮೊಮ್ಮಗಳಿಗೆ ಎರಡು ಲಿಂಗ ಕಂಡದ್ದು

ಸತ್ಯವನ್ನು ಕಾಣಲು ಮನುಷ್ಯನಿಗೆ ಒಳಗಣ್ಣು ತೆರೆದಿರಬೇಕು ಎಂದು ಹಿರಿಯರು ಹೇಳಿದ್ದಾರೆ. ನನ್ನ ಮಟ್ಟಿಗೆ ಹೊರಗಿನ ಎರಡು ಕಣ್ಣು ನೆಟ್ಟಗೆ ಕೆಲಸ ಮಾಡಿದ್ದರೂ ಸಾಕಾಗಿತ್ತು.

ಶರಣ ಬಂಧುಗಳೇ, ನಾನು ಆಳಂದ ತಾಲೂಕಿನ ಮಟಕಿಯವನು. ಸರ್ವೇ ಇಲಾಖೆಯಲ್ಲಿದ್ದು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹೊಲಗಳನ್ನು ಮೂವತ್ತೊಂದು ವರ್ಷ ಅಳೆದು ನಿವೃತ್ತನಾದೆ. ಬದು ಒಂದು ಗೇಣು ಸರಿದಿದ್ದರೂ ನಿಂತಲ್ಲಿಂದಲೇ ಹೇಳುತ್ತೇನೆಂದು ನನಗೆ ಹೆಸರಿದೆ. ಆ ಹೆಸರನ್ನು ಹಬ್ಬಿಸಿದವನೂ ನಾನೇ. ಹೋದ ವರ್ಷ ಶ್ರಾವಣಕ್ಕೆ ಮುಂಚೆ ನನ್ನ ಎಂಟು ವರ್ಷದ ಮೊಮ್ಮಗಳು ಲೀಲಾ ಹೊಲದ ಬದುವಿನ ಮೇಲೆ ನಡೆಯುತ್ತ, ಎಡಕ್ಕೆ ವಾಲಿ ವಾಲಿ ತೊಗರಿಯೊಳಗೆ ಬಿದ್ದಳು. "ಬದು ಸೀದಾ ಅದ, ನೀನ ಸೊಟ್ಟ ನಡೀತಿ" ಎಂದು ಗದರಿಸಿದೆ. ಅಳತೆ ಸರಿಯಾಗಿಯೇ ಇತ್ತು. ಅದರ ಅರ್ಥ ಮಾತ್ರ ನನಗೆ ಆಗಲಿಲ್ಲ.

ಆಮೇಲೆ ಮುಂಜಾನೆ ಎದ್ದ ಕೂಡಲೇ ವಾಂತಿ ಶುರುವಾಯಿತು. ವಾಂತಿ ಆದ ಮೇಲೆ ಹುಡುಗಿ ಆರಾಮಾಗಿ ರೊಟ್ಟಿ ತಿಂದು ಶಾಲೆಗೆ ಹೋಗುತ್ತಿದ್ದಳು. ನನ್ನ ಹೆಂಡತಿ ಜಂತಿನ ಔಷಧ ಕುಡಿಸಿದಳು. ಸೊಸೆ ಮಹಾದೇವಿ ಎರಡು ಸಲ ನನ್ನ ಮುಂದೆ ನಿಂತು, ತಲೆನೋವು ಅಂತಾಳ್ರಿ ಮಾವಾರ, ದವಾಖಾನಿಗೆ ತೋರಸೋಣ್ರಿ ಎಂದಳು. ತಲೆನೋವಿಗೆ ಮೊಬೈಲೇ ಕಾರಣವೆಂದು ನಾನು ದೀರ್ಘವಾಗಿ ಉಪದೇಶ ಮಾಡಿದೆ. ನಮ್ಮ ಮನೆಯಲ್ಲಿ ಮೊಬೈಲು ಹೆಚ್ಚು ನೋಡುತ್ತಿದ್ದವನು ಯಾರೆಂದು ಸೊಸೆ ಹೇಳಲಿಲ್ಲ. ಅದು ಅವಳ ಸಂಸ್ಕಾರ.

ಶ್ರಾವಣದ ಮೊದಲ ಸೋಮವಾರ ನಮ್ಮ ಮನೆತನದ ಅಯ್ಯನವರು ಲೀಲಾಗೆ ಲಿಂಗದೀಕ್ಷೆ ಕೊಟ್ಟರು. ಅಂದಿನಿಂದ ದಿನಾ ಮುಂಜಾನೆ ಅವಳು ನನ್ನ ಮಗ್ಗುಲಲ್ಲಿ ಕುಳಿತು, ಎಡಗೈ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ಕಣ್ಣು ಮಿಟುಕಿಸದೆ ನೋಡುವುದನ್ನು ಕಲಿತಳು. ಹತ್ತನೆಯ ದಿನಕ್ಕೆ ಮೆಲ್ಲಗೆ ಹೇಳಿದಳು: "ಮುತ್ಯಾ, ನನಗ ಎರಡು ಲಿಂಗ ಕಾಣಸ್ತಾವ."

ನನಗೆ ರೋಮಾಂಚನವಾಯಿತು. ಅರವತ್ತೈದು ವರ್ಷದ ನನಗೆ ಅಂಗೈಯಲ್ಲಿ ಒಂದೇ ಕಾಣುತ್ತದೆ, ಅದೂ ಕನ್ನಡಕ ಹಾಕಿದರೆ. ಹತ್ತೇ ದಿನದ ಸಾಧನೆಗೆ ಈ ಕೂಸಿಗೆ ಎರಡು! ಒಂದು ಅಂಗೈಯ ಲಿಂಗ, ಇನ್ನೊಂದು ಅದರ ಹಿಂದಿರುವ ನಿಜಲಿಂಗ ಎಂದು ನಾನೇ ವ್ಯಾಖ್ಯಾನ ಬರೆದೆ. ಓಣಿಯಲ್ಲಿ ಹೇಳಿದೆ, ಹಿಟ್ಟಿನ ಗಿರಣಿಯಲ್ಲಿ ಹೇಳಿದೆ, ಆಳಂದದ ಬಸ್ ನಿಲ್ದಾಣದಲ್ಲಿ ಪರಿಚಯವಿಲ್ಲದವರಿಗೂ ಹೇಳಿದೆ. ಇಬ್ಬರು ಮುದುಕಿಯರು ಬಂದು ಕೂಸಿನ ಕಾಲು ಮುಟ್ಟಿದರು. ಶಿವನೇ, ಇವಳು ಎಲ್ಲ ಮಕ್ಕಳಂತಾಗದೆ ದೊಡ್ಡ ಶರಣೆಯಾಗಲಿ, ಎಂದು ನಾನು ದಿನಾ ಬೇಡಿಕೊಂಡೆ. ಶರಣೆಯ ಅಜ್ಜನ ಹೆಸರೂ ನಾಲ್ಕು ಜನಕ್ಕೆ ಗೊತ್ತಾಗುತ್ತದೆಂಬ ಒಳಗಿನ ಆಸೆಯನ್ನು ಶಿವನಿಗೆ ಹೇಳಲಿಲ್ಲ. ಅವನಿಗೆ ತಿಳಿದಿತ್ತು.

ಅಯ್ಯನವರನ್ನು ಕರೆಸಿದೆ, ಅವರ ಬಾಯಿಂದಲೂ ಈ ಮಾತು ಬರಲೆಂದು. ಅವರು ಚಹಾ ಕುಡಿದರು. ಮಹಾದೇವಿ ಬಾಗಿಲ ಮರೆಯಲ್ಲಿ ನಿಂತು ವಾಂತಿಯ ಸಂಗತಿಯನ್ನೆಲ್ಲ ಹೇಳಿದಳು. ಅವರು ಲೀಲಾಳನ್ನು ಎದುರಿಗೆ ಕೂರಿಸಿಕೊಂಡು, ಅಂಗೈಯಲ್ಲಿ ಲಿಂಗ ಇಡಿಸಿ, ಒಂದು ಕಣ್ಣು ಮುಚ್ಚಲು ಹೇಳಿದರು.

"ಈಗ ಎಷ್ಟ ಅದಾವವ್ವಾ?"

"ಒಂದ ರೀ."

"ಎರಡೂ ಕಣ್ಣು ತೆಗಿ."

"ಎರಡ ರೀ."

ಅಯ್ಯನವರು ನನ್ನ ಕಡೆ ತಿರುಗಿದರು. "ಸಾಹೇಬ್ರ, ಒಂದು ಕಣ್ಣು ಮುಚ್ಚಿದ್ರ ಓಡಿ ಹೋಗೋ ದೇವರು ಅದೆಂಥಾ ದೇವರ್ರಿ? ಇದು ಭಕ್ತಿ ಅಲ್ಲ, ಬ್ಯಾನಿ. ನಾಳೆ ಮೊದಲನೇ ಬಸ್ಸಿಗೆ ಕಲಬುರಗಿಗೆ ನಡೀರಿ. ನನ್ನ ದಕ್ಷಿಣಿ ಆಮ್ಯಾಲೆ ನೋಡೋಣು."

ಆಳಂದದಿಂದ ಕಲಬುರಗಿಯವರೆಗೆ ಲೀಲಾ ಬಸ್ಸಿನಲ್ಲಿ ಎರಡು ಸಲ ವಾಂತಿ ಮಾಡಿಕೊಂಡಳು. ಬಸ್ಸು ಹತ್ತಿದರೆ ಹಿಂಗೇ ಆಗ್ತದ, ನಿಂಬಿಹಣ್ಣು ಮೂಸಸ್ರಿ ಎಂದು ಹಿಂದಿನ ಸೀಟಿನವರು ಹೇಳಿದರು. ಮೊದಲಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ದೊಡ್ಡ ಆಸ್ಪತ್ರೆಯಲ್ಲಿ ಅಂದೇ ಸ್ಕ್ಯಾನ್ ಆಯಿತು. ಕಿರುಮೆದುಳಿನಲ್ಲಿ ನೆಲ್ಲಿಕಾಯಿಯಷ್ಟು ಗಡ್ಡೆ. ಅದು ತಲೆಯೊಳಗಿನ ನೀರಿನ ದಾರಿಯನ್ನು ಕಟ್ಟಿ ಒತ್ತಡ ಹೆಚ್ಚಿಸಿತ್ತು. ವಾಂತಿ, ವಾಲಾಟ, ಒಂದು ಎರಡಾಗಿ ಕಾಣುವುದು, ಎಲ್ಲದರ ಮೂಲ ಅದೇ. ವಯಸ್ಸಿನಲ್ಲಿ ನನ್ನ ಮಗಳಂತಿದ್ದ ಡಾಕ್ಟರಮ್ಮ ಇದನ್ನು ಎರಡೆರಡು ಸಲ ತಿಳಿಸಿ ಹೇಳಿದರು. ಕೋಟಿಗೊಬ್ಬರಿಗೆ ಬರೋ ರೋಗ ನಮ್ಮ ಮನೀನ ಯಾಕ ಹುಡುಕ್ಕೊಂಡು ಬಂತ್ರಿ ಎಂದೆ.

"ಕೋಟಿಗೊಬ್ಬರಿಗೆ ಅಂತ ನಿಮಗ ಯಾರ್ರಿ ಹೇಳಿದ್ರು?" ಎಂದರು. "ಮಕ್ಕಳಿಗೆ ಬರೋ ಕ್ಯಾನ್ಸರ್‌ನಾಗ ರಕ್ತದ್ದು ಬಿಟ್ರ ಮಿದುಳು-ನರದ ಗಡ್ಡಿನೇ ಹೆಚ್ಚು. ಎಲ್ಲಾ ಗಡ್ಡಿನೂ ಕ್ಯಾನ್ಸರ್ ಅಲ್ಲ, ಅದು ತಗದು ನೋಡಿದ ಮ್ಯಾಲೆ ತಿಳೀತದ. ಊರಾಗ ಇದು ಅಪರೂಪ. ನಮ್ಮ ವಾರ್ಡಿನಾಗ ಅಲ್ಲ."

ವಾರ್ಡಿಗೆ ಹೋಗಿ ನೋಡಿದೆ. ಪಕ್ಕದ ಮಂಚದಲ್ಲಿ ಅಫಜಲಪುರ ಕಡೆಯ ಕೂಲಿಕಾರ ದಂಪತಿಗಳ ಮೂರು ವರ್ಷದ ಕೂಸು. ಅದರ ದಿಂಬಿನ ಬಳಿ ಬುದ್ಧನ ಸಣ್ಣ ಪಟ. ಎದುರಿಗೆ ಜೇವರ್ಗಿಯ ಶರಣಮ್ಮ, ಮೊದಲೇ ಶಸ್ತ್ರಚಿಕಿತ್ಸೆಯಾದ ಮಗಳನ್ನು ಮರುತಪಾಸಣೆಗೆ ಕರೆತಂದವಳು. ನಾನು ಅಳತೆಯ ಚೈನು ಹಿಡಿದು ಅಲೆದ ಮೂರೂ ತಾಲೂಕುಗಳು ಗಡಿಕಲ್ಲಿಲ್ಲದೆ ಒಂದೇ ಕೋಣೆಯಲ್ಲಿದ್ದವು. ಅಲ್ಲಿಯೂ ನಾನು ಶರಣಮ್ಮನ ಮುಂದೆ, ದೇವರು ನಮ್ಮನ್ನೇ ಯಾಕೆ ಆರಿಸಿದನೆಂದು ಗೋಳಾಡಿದೆ.

ಆಕೆ ಬಾಳೆಹಣ್ಣು ಸುಲಿಯುತ್ತಲೇ ಹೇಳಿದಳು: "ನಿಮಗೊಬ್ಬರಿಗೇ ಚೀಟಿ ಬರದು ಕಳಿಸ್ಯಾನೇನ್ರಿ ಯಣ್ಣಾ? ನಾವೆಲ್ಲಾ ಇಲ್ಲಿ ಜಾತ್ರಿ ನೋಡಾಕ ಬಂದೀವೇನು? ಸುಮ್ನ ಕುಂಡ್ರಿ. ನನ್ನ ಮಗಳು ಈಗ ಹಗ್ಗದಾಟ ಆಡಾಕತ್ತಾಳ, ನಿಮ್ಮಕೀನೂ ಆಡ್ತಾಳ."

ನಾನು ಕುಳಿತೆ. ಆ ಹೆಣ್ಣುಮಗಳು ಕೊಟ್ಟಷ್ಟು ಸಮಾಧಾನವನ್ನು ನನಗೆ ಯಾವ ಪ್ರವಚನವೂ ಕೊಟ್ಟಿರಲಿಲ್ಲ.

ಶಸ್ತ್ರಚಿಕಿತ್ಸೆಯ ಮುಂಜಾನೆ, ಕೊರಳಲ್ಲಿ ಏನೂ ಇರಬಾರದು ಎಂದರು ನರ್ಸ್. ಲಿಂಗ ಮೈಯಿಂದ ಬೇರೆಯಾಗಬಾರದೆಂದು ನನ್ನ ಹೆಂಡತಿ ಸೆರಗು ಕಚ್ಚಿಕೊಂಡು ಅಳತೊಡಗಿದಳು. ನನಗೂ ಕೈ ಏಳಲಿಲ್ಲ. ಲೀಲಾ ತಾನೇ ಶಿವದಾರ ತೆಗೆದು, ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ನನ್ನ ಅಂಗೈಯಲ್ಲಿಟ್ಟಳು. "ಎರಡೂ ಬರೋಬ್ಬರಿ ಹಿಡ್ಕೊ ಮುತ್ಯಾ," ಎಂದಳು, "ಒಂದು ಗಿಂದು ಬಿಟ್ಟೀಯಾ."

ಬಾಗಿಲು ಮುಚ್ಚಿತು. ಅವಳ ಕರಡಿಗೆಯನ್ನು ನನ್ನದರ ಜೊತೆ ಕೊರಳಿಗೆ ಕಟ್ಟಿಕೊಂಡು, ಅಫಜಲಪುರದ ಕೂಸಿನ ತಂದೆಯ ಪಕ್ಕ ಬೆಂಚಿನ ಮೇಲೆ ಕುಳಿತೆ. ನನ್ನ ಬಾಯಿಗೆ ಒಂದು ಮಂತ್ರವೂ ಬರಲಿಲ್ಲ. ಬಂದದ್ದು ಇಷ್ಟೇ: ಶಿವನೇ, ನಾನು ಮೊದಲು ಕೊಟ್ಟ ಅರ್ಜಿಯನ್ನು ಹಿಂದಕ್ಕೆ ತಗೊಂಡಿದ್ದೇನೆ. ಇವಳು ಶರಣೆಯಾಗುವುದು ಬೇಡ, ವಿಶೇಷವಾಗುವುದು ಬೇಡ. ಹತ್ತು ಕೂಸುಗಳಂತೆ ಇದೂ ಒಂದು ಕೂಸಾಗಲಿ. ಇದನ್ನೇ ಮುಂಜಾನೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ ಹೇಳಿದೆ.

ಮೂರಕ್ಕೆ ಡಾಕ್ಟರಮ್ಮ ಹೊರಗೆ ಬಂದು, ಗಡ್ಡೆಯನ್ನು ಪೂರ್ತಿ ತೆಗೆದಿದ್ದೇವೆ, ಆದರೆ ಅದು ಎಂಥದ್ದೆಂದು ಪರೀಕ್ಷೆಯ ವರದಿ ಬಂದ ಮೇಲೆಯೇ ಹೇಳಬಹುದು ಎಂದರು. ಆ ವರದಿಗೆ ಕಾದ ದಿನಗಳಲ್ಲಿ ನನ್ನ ನಾಲಿಗೆಗೆ ಉಪ್ಪು ಖಾರ ತಿಳಿಯಲಿಲ್ಲ. ಬಂದ ದಿನ ಅವರು ಕಾಗದ ಹಿಡಿದು ನಕ್ಕರು.

"ಇದರಾಗ ವಿಶೇಷ ಏನೂ ಇಲ್ರಿ ಅಜ್ಜಾರ. ಮಕ್ಕಳಾಗ ನಾವು ಬಹಳ ನೋಡೋ ಗಡ್ಡಿ, ಮೆಲ್ಲಕ ಬೆಳೆಯೂದು. ಕ್ಯಾನ್ಸರ್ ಔಷಧ ಬೇಕಾಗಿಲ್ಲ, ರೇಡಿಯೇಶನ್ ಅಂತ ಕರೆಂಟ್ ಕೊಡೋದೂ ಬೇಕಾಗಿಲ್ಲ."

ಬಂಧುಗಳೇ, "ವಿಶೇಷ ಏನೂ ಇಲ್ಲ" ಎಂಬ ಮಾತಿಗೆ ಮನುಷ್ಯ ಆಸ್ಪತ್ರೆಯ ನೆಲದ ಮೇಲೆ ದೀರ್ಘದಂಡ ಹಾಕುವುದನ್ನು ಅಲ್ಲಿದ್ದ ನರ್ಸು ಅಂದೇ ಮೊದಲು ಕಂಡಿರಬೇಕು. ನಾನು ಬೇಡಿದ್ದನ್ನು, ಬೇಡಿದ ಅಳತೆಗೇ, ಶಿವ ಕೊಟ್ಟಿದ್ದ. ಅದಕ್ಕೂ ಮೊದಲೇ, ನಾನು ಬೇಡದಿದ್ದಾಗಲೇ, ಅಯ್ಯನವರನ್ನು ಕಳಿಸಿದ್ದ. ನನ್ನ ಭಕ್ತಿ ಈಗ ಮೊದಲಿಗಿಂತ ಗಟ್ಟಿ, ಬಾಯಿ ಸ್ವಲ್ಪ ಕಡಿಮೆ. ನಿಮ್ಮ ಮನೆಯ ಕೂಸು ಮುಂಜಾನೆ ಎದ್ದ ಕೂಡಲೇ ಮತ್ತೆ ಮತ್ತೆ ವಾಂತಿ ಮಾಡಿಕೊಂಡರೆ, ತಲೆನೋವೆಂದರೆ, ನಡೆಯುವಾಗ ವಾಲಿದರೆ, ಒಂದನ್ನು ಎರಡೆಂದರೆ, ಪೂಜೆ ಮುಗಿಸಿ ಬಸ್ಸು ಹತ್ತಿರಿ. ಮನೆಯ ಸೊಸೆ ಹೇಳಿದರೆ ಪೂಜೆಯನ್ನು ಬಂದ ಮೇಲೆ ಮಾಡಿದರೂ ನಡೆಯುತ್ತದೆ.

ಅಫಜಲಪುರದ ಕೂಸಿಗೆ ಚಿಕಿತ್ಸೆ ಇನ್ನೂ ನಡೆದಿದೆ. ಅದಕ್ಕಾಗಿ ನೀವೂ ಒಂದು ಮಾತು ಬೇಡಿಕೊಳ್ಳಿ.

ಹೋದ ತಿಂಗಳು ಲೀಲಾಗೆ ಮತ್ತೆ ಸ್ಕ್ಯಾನ್ ಮಾಡಿದರು. ಗಡ್ಡೆ ಇಲ್ಲ. ಮುಂದಿನ ತಪಾಸಣೆ ಆರು ತಿಂಗಳಿಗೆ.