ತೇಕ್ ಹೂಯಿ ತಾತನ ಕಾಗದದ ಬಳೆಗಳು
"ಅಮ್ಮಾ, ಪಕ್ಕದಂಗಡಿ ತಾತ ಕಾಗದಕ್ಕೂ ಬೈತಾನಲ್ಲ, ಅದೇನು ತಪ್ಪು ಮಾಡಿದೆ?" ಎಂದು ಮಗಳು ಕೇಳಿದಾಗ ಸ್ಯೂ ಲಾನ್‌ಗೆ ನಗು ಬಂತು. ಮಲೇಷ್ಯಾದ ಪಿನಾಂಗಿನ ಆ ಬೀದಿಯಲ್ಲಿ, ತೀರಿಹೋದವರಿಗೆ ಸುಟ್ಟು ಕಳಿಸುವ ಕಾಗದದ ಮನೆ, ಕಾರುಗಳನ್ನು ಕಟ್ಟುವ ತೇಕ್ ಹೂಯಿ ಅಂಟಿಗೂ ಬೈಯುತ್ತಾನೆ, ಫ್ಯಾನಿನ ಗಾಳಿಗೂ ಬೈಯುತ್ತಾನೆ. ಅಲಗು ಕಟ್ಟಿದ ಕೈವಾರದಿಂದ ಕಾರಿನ ದೀಪಕ್ಕೆ ಸಣ್ಣ ಬಳೆ ಕತ್ತರಿಸುವಾಗ ಕೆಲಸದವರು ಹೊರಸುತ್ತನ್ನು ಮೊದಲು ಕೊಯ್ದರೋ, ಮುಗಿಯಿತು: "ಒಳಗಿನದು ಮೊದಲು ಕಣ್ರಯ್ಯಾ! ಹಾಳೆಯಿಂದ ಕಳಚಿಕೊಂಡ ಮೇಲೆ ಅದನ್ನ ಹಿಡಿಯೋರ‍್ಯಾರು, ನಿಮ್ಮಪ್ಪನಾ?" "ಹೇಗೂ ಸುಡೋದಲ್ವಾ, ಇಷ್ಟು ನಯ ಯಾಕೆ?" ಎಂದ ಗಿರಾಕಿಗೆ, "ನೀನೂ ಒಂದಿನ ಬೂದಿ ಆಗೋನೇ, ಬೆಳಗ್ಗೆ ಎದ್ದು ತಲೆ ಯಾಕೆ ಬಾಚ್ಕೊಂಡೆ?" ಎಂದು ಬಾಗಿಲು ತೋರಿಸಿದವನು ಅವನು. ಹೆಂಡತಿ ಸತ್ತ ನಲವತ್ತೊಂಬತ್ತನೆಯ ದಿನದ ಪೂಜೆ ನಾಳೆ ಎನ್ನುವ ಸಂಜೆ ಅವನ ಬೈಗುಳ ಬೀದಿಯ ತುದಿಗೂ ಕೇಳಿತು. ಸ್ಯೂ ಲಾನ್ ಗಂಜಿಯ ಬಟ್ಟಲು ಹಿಡಿದು ಹೋದಳು. ಮೇಜಿನ ತುಂಬ ಹರಿದ ಬಳೆಗಳು, ಪಕ್ಕದಲ್ಲಿ ಹೆಂಡತಿಗೆ ಸುಟ್ಟು ಕಳಿಸಲು ಕಟ್ಟಿದ ಮಹಡಿಯ ಕಾಗದದ ಮನೆ. ಅವನು ಬೈಯುತ್ತಿದ್ದದ್ದು ನಡುಗುವ ತನ್ನದೇ ಬಲಗೈಗೆ. ಅವಳನ್ನು ಕಂಡವನೇ ಆ ಕೈಯನ್ನು ಬೆನ್ನ ಹಿಂದೆ ಅಡಗಿಸಿದ. ಎಡಗೈಯಿಂದ ಕೈವಾರವನ್ನು ಅವಳತ್ತ ತಳ್ಳಿದ: "ಎರಡೇ ಎರಡು ಬಳೆ ಕತ್ತರಿಸಿಕೊಡು ತಾಯಿ. ಕನ್ನಡಕ ಇಲ್ದೆ ನನ್ನವಳಿಗೆ ಮೆಟ್ಟಿಲೇ ಕಾಣಲ್ಲ."